ಚಾಂದ್ ಬೀಬಿಯ ಭಾವಚಿತ್ರಗಳು

ಚಾಂದ್ ಬೀಬಿಯ ಭಾವಚಿತ್ರಗಳು ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವವು ಹೆಚ್ಚಾಗಿ 18ನೆಯ ಶತಮಾನದ ದಖನಿ ಕಿರುಚಿತ್ರಗಳು. ವಿಜಯಪುರದ (ಬಿಜಾಪುರ) ಅರಸ ಒಂದನೆಯ ಅಲಿ ಆದಿಲ್ ಶಾಹನ ರಾಣಿಯಾದ ಚಾಂದ್ ಬೀಬಿಯು ಇವುಗಳಲ್ಲಿ ಕುದುರೆಯನ್ನೇರಿ, ಮುಂಗೈ ಮೇಲೆ ಬೇಟೆಯ ಗಿಡುಗವನ್ನು ಹಿಡಿದ ರೂಪದಲ್ಲಿ ಕಾಣಿಸಿಕೊಳ್ಳುತ್ತಾಳೆ. ಇವು ಆಕೆಯನ್ನು ಕಣ್ಣಾರೆ ಕಂಡು ಬರೆದ ಚಿತ್ರಗಳಲ್ಲ. ಆಕೆಯ ಮರಣದ ಸುಮಾರು ನೂರು ವರ್ಷಗಳ ಅನಂತರ ಅಥವಾ ಇನ್ನೂ ತಡವಾಗಿ ರಚಿತವಾದ ಕಲ್ಪಿತ ಚಿತ್ರಗಳು.

ಹಿನ್ನೆಲೆ

ಚಾಂದ್ ಬೀಬಿಯು ಸುಮಾರು 1550ರಲ್ಲಿ ಜನಿಸಿದಳು. ತಂದೆ ಅಹಮದ್‌ನಗರದ ಸುಲ್ತಾನ ಒಂದನೆಯ ಹುಸೇನ್ ನಿಜಾಮ್ ಶಾಹ, ತಾಯಿ ಖುನ್ಜಾ ಹುಮಾಯೂನ್. 1565ರ ರಕ್ಕಸತಂಗಡಿ (ತಾಳಿಕೋಟೆ) ಯುದ್ಧಕ್ಕೆ ಮೊದಲು ಸುಲ್ತಾನರು ಒಂದಾದಾಗ, ಆ ಮೈತ್ರಿಯ ಅಂಗವಾಗಿ ಆಕೆಯ ವಿವಾಹವು ಅಲಿ ಆದಿಲ್ ಶಾಹನೊಂದಿಗೆ ನಡೆಯಿತು. ಸೊಲ್ಲಾಪುರದ ಕೋಟೆಯನ್ನು ವರದಕ್ಷಿಣೆಯಾಗಿ ಕೊಡಲಾಯಿತು. ಹೀಗೆ ಹೊರರಾಜ್ಯದಿಂದ ಬಂದ ರಾಣಿಯ ಹೆಸರಿನಲ್ಲಿ ಅಲಿಯು 1579ರಲ್ಲಿ ಕಟ್ಟಿಸಿದ ಚಾಂದ್ ಬಾವಡಿ ಇಂದಿಗೂ ವಿಜಯಪುರದಲ್ಲಿದೆ.

1580ರಲ್ಲಿ ಅಲಿಯು ಕೊಲೆಯಾದಾಗ, ಇನ್ನೂ ಬಾಲಕನಾಗಿದ್ದ ಎರಡನೆಯ ಇಬ್ರಾಹಿಂ ಆದಿಲ್ ಶಾಹನಿಗೆ ಆಕೆ ಪೋಷಕಳಾದಳು. ಆಸ್ಥಾನದ ಒಳಜಗಳದಲ್ಲಿ ಕೆಲಕಾಲ ಸಾತಾರಾ ಕೋಟೆಯಲ್ಲಿ ಸೆರೆಯಾಗಿದ್ದಳು. ಮುಂದೆ ತವರಾದ ಅಹಮದ್‌ನಗರಕ್ಕೆ ಮರಳಿ, 1595–96ರಲ್ಲಿ ಅಕ್ಬರನ ಮಗ ಮುರಾದನ ಮುತ್ತಿಗೆಯನ್ನು ಎದುರಿಸಿದಳು. 1600ರಲ್ಲಿ ಮೊಗಲರು ಮತ್ತೆ ಮುತ್ತಿಗೆ ಹಾಕಿದಾಗ, ಶತ್ರುಗಳೊಡನೆ ಕೈಜೋಡಿಸಿದ್ದಾಳೆಂಬ ಸಂಶಯದಿಂದ ಅವಳ ಕಡೆಯವರೇ ಅವಳನ್ನು ಕೊಂದರು.

ಸಮಕಾಲೀನ ಚಿತ್ರಕಲೆ

ಚಾಂದ್ ಬೀಬಿಯ ಕಾಲದಲ್ಲಿ ದಖನಿನಲ್ಲಿ ಚಿತ್ರಕಾರರಿಗೆ ಕೊರತೆಯಿರಲಿಲ್ಲ. ಆಕೆ ರಾಣಿಯಾಗಿದ್ದಾಗಲೇ, 1570ರಲ್ಲಿ, ವಿಜಯಪುರದಲ್ಲಿ ‘ನುಜೂಮ್ ಅಲ್-ಉಲೂಮ್’ ಎಂಬ ಸಚಿತ್ರ ಗ್ರಂಥ ಸಿದ್ಧವಾಯಿತು. ಇದು ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಆಕೆ ಸಾಕಿದ ಇಬ್ರಾಹಿಮನ ಸಮಕಾಲೀನ ಭಾವಚಿತ್ರಗಳು ಹಲವು ಉಳಿದಿವೆ. ಆದರೆ ಚಾಂದ್ ಬೀಬಿಯ ಜೀವಿತಕಾಲದ್ದೆಂದು ಸರ್ವಸಮ್ಮತವಾದ ಚಿತ್ರ ಒಂದೂ ಇಲ್ಲ.

ಆಕೆಯ ತಾಯಿಯ ವಿಷಯ ಇದಕ್ಕೆ ವ್ಯತಿರಿಕ್ತವಾಗಿದೆ. ಅಹಮದ್‌ನಗರದಲ್ಲಿ ಸುಮಾರು 1565ರಲ್ಲಿ ರಚಿತವಾದ ‘ತಾರೀಫ್-ಇ-ಹುಸೇನ್ ಶಾಹಿ’ ಕಾವ್ಯದ ಹಸ್ತಪ್ರತಿಯಲ್ಲಿ ಖುನ್ಜಾ ಹುಮಾಯೂನಳನ್ನು ಪತಿಯ ಪಕ್ಕದಲ್ಲಿಯೇ ಕುಳಿತಂತೆ ಚಿತ್ರಿಸಲಾಗಿತ್ತು. ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿರುವ ಈ ಹಸ್ತಪ್ರತಿಯ ಬಹುಪಾಲು ಚಿತ್ರಗಳಲ್ಲಿ ರಾಣಿಯ ಆಕೃತಿಯನ್ನು ಆಮೇಲೆ ಅಳಿಸಲಾಗಿದೆ. ತಾಯಿಯ ನಿಜಚಿತ್ರಗಳನ್ನು ಅಳಿಸಲಾಯಿತು. ಮಗಳಿಗೆ ಇಲ್ಲದ ಚಿತ್ರಗಳನ್ನು ಮುಂದಿನವರು ಸೃಷ್ಟಿಸಿದರು.

ಬೇಟೆಯ ಚಿತ್ರಗಳು

ಈ ಬಗೆಯ ಚಿತ್ರಗಳಲ್ಲಿ ಹೆಸರಾಂತವಾದ ಒಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದಲ್ಲಿದೆ. ಕಾಲ ಸುಮಾರು 1700. ರಾಣಿಯು ಪರಿವಾರದೊಡನೆ ಬಯಲಿನಲ್ಲಿ ಗಿಡುಗದ ಬೇಟೆಯಾಡುವುದು ಇದರ ವಸ್ತು. ಆ ವೇಳೆಗೆ ನಿಜಾಮ್‌ಶಾಹಿ ರಾಜ್ಯ ಅಳಿದಿತ್ತು. ಆದಿಲ್‌ಶಾಹಿ ರಾಜ್ಯವೂ 1686ರಲ್ಲಿ ಔರಂಗಜೇಬನ ವಶವಾಗಿತ್ತು. ಮೊಗಲರನ್ನು ತಡೆದ ರಾಣಿಯ ನೆನಪು ಮಾತ್ರ ಉಳಿದಿತ್ತು.

ಈ ಚಿತ್ರಗಳಲ್ಲಿ ಯುದ್ಧವಿಲ್ಲ, ಕೋಟೆಯ ಬಿರುಕಿಲ್ಲ. ವಿಜಯಪುರದ ಆಸ್ಥಾನದಲ್ಲಿದ್ದ ಸಮಕಾಲೀನ ಇತಿಹಾಸಕಾರ ಫಿರಿಶ್ತಾನು, ಕೋಟೆಯ ಗೋಡೆ ಒಡೆದಾಗ ಚಾಂದ್ ಬೀಬಿಯು ಮುಖಕ್ಕೆ ಮುಸುಕು ಹಾಕಿ, ಕೈಯಲ್ಲಿ ಖಡ್ಗ ಹಿಡಿದು ಬಂದಳೆಂದು ಬರೆದಿದ್ದಾನೆ. ಬೇಟೆಯ ಚಿತ್ರಗಳಲ್ಲಿಯಾದರೋ ಮುಖ ತೆರೆದಿದೆ, ಖಡ್ಗದ ಬದಲು ಗಿಡುಗವಿದೆ. ಬೇಟೆಯು ರಾಜತ್ವದ ಸಂಕೇತವಾದುದರಿಂದ, ರಾಣಿಯ ಅಧಿಕಾರವನ್ನು ಸೂಚಿಸಲು ಈ ವಿನ್ಯಾಸ ಒದಗಿತು.

ಗುರುತಿಸುವಿಕೆಯ ಸಮಸ್ಯೆ

ಕುದುರೆಯೇರಿ ಬೇಟೆಯಾಡುವ ಸ್ತ್ರೀಯ ವಿನ್ಯಾಸ ಚಾಂದ್ ಬೀಬಿಗೆ ಮಾತ್ರ ಮೀಸಲಾಗಿರಲಿಲ್ಲ. ಮಾಳವದ ರೂಪಮತಿಯನ್ನೂ ಬಾಜ್ ಬಹದ್ದೂರನ ಜೊತೆ ಹೀಗೆಯೇ ಚಿತ್ರಿಸಲಾಗಿದೆ. ಆದ್ದರಿಂದ ಚಿತ್ರದ ಮೇಲೆ ಹೆಸರಿಲ್ಲದಿದ್ದರೆ, ಕುದುರೆಯೂ ಗಿಡುಗವೂ ಇವೆಯೆಂಬ ಮಾತ್ರಕ್ಕೆ ಅದು ಚಾಂದ್ ಬೀಬಿಯದೆಂದು ಹೇಳಲಾಗದು. ಖ್ಯಾತ ಹೆಸರು ಬೇರೆಯವರ ವಸ್ತುಗಳಿಗೆ ಅಂಟಿಕೊಳ್ಳುವುದು ಕಟ್ಟಡಗಳಲ್ಲಿಯೂ ಉಂಟು: ಅಹಮದ್‌ನಗರದ ಬಳಿ ‘ಚಾಂದ್ ಬೀಬಿ ಮಹಲ್’ ಎನಿಸಿಕೊಂಡಿರುವುದು ವಾಸ್ತವವಾಗಿ ಎರಡನೆಯ ಸಲಾಬತ್ ಖಾನನ ಸಮಾಧಿ.

ಚಾಂದ್ ಬೀಬಿಯ ಮುಖಲಕ್ಷಣಕ್ಕೆ ಈ ಚಿತ್ರಗಳು ಆಧಾರವಾಗಲಾರವು. ಆಕೆಯನ್ನು ಮುಂದಿನ ತಲೆಮಾರಿನವರು ಹೇಗೆ ನೆನಪಿಟ್ಟುಕೊಂಡರು ಎಂಬುದಕ್ಕೆ ಮಾತ್ರ ಇವು ಸಾಕ್ಷಿ.