ಚರನಕ್ಷತ್ರಗಳ ದ್ಯುತಿಮಾಪನ

ಕಾಲಕಾಲಕ್ಕೆ ಕಾಂತಿಯಲ್ಲಿ ಏರಿಳಿಯುವ ತಾರೆಗಳನ್ನು ಚರನಕ್ಷತ್ರಗಳೆಂದೂ, ಆ ಏರಿಳಿತವನ್ನು ಅಳೆದು ವೇಳೆಯೊಡನೆ ದಾಖಲಿಸುವ ಶಾಸ್ತ್ರವನ್ನು ದ್ಯುತಿಮಾಪನವೆಂದೂ ಕರೆಯುವರು. ಆಲ್ಗಾಲ್ ತಾರೆಯು ಮೂರು ದಿನಗಳಿಗೆ ತುಸು ಕಡಿಮೆ ಅವಧಿಗೊಮ್ಮೆ ಮಂಕಾಗುವುದನ್ನು ಜಾನ್ ಗುಡ್‌ರಿಕ್ ಎಂಬ ಕಿವುಡ ತರುಣನು 1783ರಲ್ಲಿಯೇ ಬರಿಗಣ್ಣಿನ ವೀಕ್ಷಣೆಯಿಂದ ಸಾರಿದ್ದನಾದರೂ, ಐದು ಕಾಂತಿಮಾನಗಳ ಅಂತರವೆಂದರೆ ಬೆಳಕಿನಲ್ಲಿ ನೂರು ಪಟ್ಟಿನ ಅಂತರವೆಂಬ ಖಚಿತವಾದ ಅಳತೆಗೋಲನ್ನು ನಾರ್ಮನ್ ಪಾಗ್ಸನ್ ಸೂಚಿಸಿದ್ದು 1856ರಲ್ಲಿ.

ಆ ಪಾಗ್ಸನನೇ 1861ರಲ್ಲಿ ಮದರಾಸು ವೀಕ್ಷಣಾಲಯಕ್ಕೆ ಮುಖ್ಯಸ್ಥನಾಗಿ ಬಂದುದರಿಂದ ದಕ್ಷಿಣ ಭಾರತಕ್ಕೆ ಈ ವಿದ್ಯೆಯು ಅದರ ಮೂಲದಿಂದಲೇ ಲಭಿಸಿತು. ಅವನ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ತಾರೆಯ ಚರತ್ವವನ್ನು ಕಂಡುಹಿಡಿದರು. ಮದರಾಸಿನಲ್ಲಿ ಆ ತಾರೆಯು ದಿಗಂತದಿಂದ ಸುಮಾರು 14 ಡಿಗ್ರಿಗಿಂತ ಮೇಲೇರದು. ಅಷ್ಟು ಕೆಳಗಿನ ಬೆಳಕು ನೆತ್ತಿಯ ಮೇಲಿನ ಗಾಳಿಯ ನಾಲ್ಮಡಿಯಷ್ಟು ಗಾಳಿಯನ್ನು ತೂರಿಬರಬೇಕಾದುದರಿಂದ, ತಾರೆಯೇ ಕುಂದಿತೋ, ಆಕಾಶವೇ ಮಸುಳಿತೋ ಎಂಬ ಸಂದೇಹವು ವೀಕ್ಷಕನನ್ನು ಬಿಡದು. ಸನಿಹದ ಸ್ಥಿರಕಾಂತಿಯ ತಾರೆಯೊಂದನ್ನು ಒಡನೊಡನೆ ನೋಡಿ ಇವೆರಡರ ವ್ಯತ್ಯಾಸವನ್ನು ಮಾತ್ರ ನಂಬುವುದೇ ಇದಕ್ಕೆ ಪರಿಹಾರ: ಗಾಳಿಯು ಕದ್ದ ಬೆಳಕು ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿರುವುದರಿಂದ ವ್ಯತ್ಯಾಸವು ಉಳಿಯುತ್ತದೆ. ಕಣ್ಣಿನ ಸ್ಥಾನಕ್ಕೆ ಯಾವ ಉಪಕರಣವು ಬಂದರೂ ಈ ಕ್ರಮವು ಬದಲಾಗಿಲ್ಲ. ಆಚಾರ್ಯರ ಶೋಧಕ್ಕೆ ನಮ್ಮ ಪಠ್ಯಗಳಲ್ಲಿ ಇನ್ನೂ ಹೆಚ್ಚಿನ ಎಡೆ ಸಲ್ಲತಕ್ಕದ್ದು.

ಮುಂದಿನ ಶತಮಾನದಲ್ಲಿ ಖಗೋಳವಿಜ್ಞಾನಿ ವೇಣು ಬಾಪು ಅವರು ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ ಸ್ಥಾಪಿಸಿದ ವೀಕ್ಷಣಾಲಯವು 1968ರಲ್ಲಿ 38 ಸೆಂಟಿಮೀಟರಿನ ದರ್ಪಣದಿಂದ ಮೊದಲ್ಗೊಂಡು, 1972ರಲ್ಲಿ ಒಂದು ಮೀಟರಿನ ದೂರದರ್ಶಕವನ್ನು ಪಡೆಯಿತು. ಕಣ್ಣಿಗೆ ಬದಲಾಗಿ ಫೋಟೊಮಲ್ಟಿಪ್ಲೈಯರ್ ನಳಿಕೆಗಳೂ ಅನಂತರ ಸಿಸಿಡಿ ಎಂಬ ವಿದ್ಯುನ್ಮಾನ ಗ್ರಾಹಕಗಳೂ ಬೆಳಕನ್ನು ಎಣಿಸತೊಡಗಿದವು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಈಗ ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ದೂರದರ್ಶಕವನ್ನು ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ.

ಆದರೆ ಕಿರಿಯ ಉಪಕರಣಗಳಿಗೂ, ಸಣ್ಣ ಊರುಗಳ ವೀಕ್ಷಕರಿಗೂ ಈ ಶಾಸ್ತ್ರದಲ್ಲಿ ಕೆಲಸವುಂಟು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು 14½ ಡಿಗ್ರಿಗಳ ಆಸುಪಾಸಿನ ಉತ್ತರ ಅಕ್ಷಾಂಶದಲ್ಲಿರುವುದರಿಂದ ಆರ್ ರೆಟಿಕ್ಯುಲಿಯು ಅಲ್ಲಿಯೂ ಸುಮಾರು 12 ಡಿಗ್ರಿ ಎತ್ತರಕ್ಕೆ ಬರುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ವೀಕ್ಷಣೆಯು ದುಸ್ಸಾಧ್ಯ. ಬ್ಯಾಡಗಿಯ ಪೇಟೆಗೆ ಒಣಮೆಣಸಿನಕಾಯಿಯ ಚೀಲಗಳು ರಾಶಿಬೀಳುವ ಜನವರಿ, ಫೆಬ್ರುವರಿಗಳ ಒಣಹವೆಯೇ ದ್ಯುತಿಮಾಪಕನಿಗೆ ಸುಗ್ಗಿ. ರೈತರು ಜೂನಿನಲ್ಲಿ ಯಾವುದರ ಹೆಸರಿನ ಮಳೆಗಾಗಿ ಕಾಯುವರೋ ಆ ಆರ್ದ್ರಾ ತಾರೆಯು ಈ ಒಣಹವೆಯ ತಿಂಗಳುಗಳಲ್ಲಿ ಇರುಳಿನ ಮೊದಲ ಜಾವದಲ್ಲಿಯೇ ಎತ್ತರದಲ್ಲಿರುತ್ತದೆ. ಅದೂ ಒಂದು ಚರನಕ್ಷತ್ರ. 2020ರ ಫೆಬ್ರುವರಿಯ ವೇಳೆಗೆ ಅದು, ಅಂಕಿ ಹೆಚ್ಚಿದಷ್ಟೂ ತಾರೆಯು ಮಂಕೆನಿಸುವ ಕಾಂತಿಮಾನದಲ್ಲಿ, 0.5ರ ಸುತ್ತಿನಿಂದ 1.6ರವರೆಗೆ ಕುಂದಿ, ರೋಹಿಣಿಗಿಂತಲೂ ಮಂಕಾದುದನ್ನು ಬರಿಗಣ್ಣಿನಿಂದಲೇ ಕಾಣಬಹುದಾಗಿತ್ತು. ದೊಡ್ಡ ದೂರದರ್ಶಕಗಳ ಸಿಸಿಡಿಗಳಿಗೆ ಅದರ ಬೆಳಕು ಮಿತಿಮೀರಿದುದಾದ್ದರಿಂದ ಈ ಕುಸಿತವನ್ನು ರಾತ್ರಿರಾತ್ರಿಯೂ ಅಳೆದವರಲ್ಲಿ ಚಿಕ್ಕ ಉಪಕರಣಗಳ ಹವ್ಯಾಸಿಗಳೂ ಇದ್ದರು. ತಾರೆಯೇ ಉಗುಳಿದ ಧೂಳಿನ ಮೋಡವು ಅದನ್ನು ಭಾಗಶಃ ಮರೆಮಾಡಿತೆಂಬುದು ವಿಜ್ಞಾನಿಗಳು ಮರುವರ್ಷ ಮಂಡಿಸಿದ ವಿವರಣೆ.