ರಾಮಗಢದ ತಪ್ಪು ಒಪ್ಪುಗಳು

ಹಳೆಯ ಓಲೆಗರಿಯನ್ನು ಪರೀಕ್ಷಿಸುವ ವಿದ್ವಾಂಸನು ಶುದ್ಧವಾದ ಸಾಲುಗಳಿಗಿಂತ ಲಿಪಿಕಾರನ ಕೈತಪ್ಪುಗಳನ್ನು ಹೆಚ್ಚು ಎಚ್ಚರದಿಂದ ನೋಡುತ್ತಾನೆ. ಬರೆದವನು ಯಾರು, ಎಂಥ ಅವಸರದಲ್ಲಿದ್ದ, ಯಾರ ಭಯದಲ್ಲಿದ್ದ ಎಂಬುದನ್ನು ಆ ತಪ್ಪುಗಳೇ ಹೇಳುವುದುಂಟು. ಚಲನಚಿತ್ರಕ್ಕೂ ಈ ಮಾತು ಸಲ್ಲುತ್ತದೆಂದು ನನ್ನ ಭಾವನೆ. ನಿದರ್ಶನಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ ಇದೆ.

ಕುದುರೆ, ಬಂದೂಕು, ಬೋಳುಬಂಡೆಗಳ ಅಮೆರಿಕದ ‘ವೆಸ್ಟರ್ನ್’ ಕಥೆಗಳನ್ನು ಇಟಲಿಯವರು ಸ್ಪೇನಿನ ಬಯಲಿಗೆ ತಂದರು. ರಮೇಶ್ ಸಿಪ್ಪಿಯವರು 1973ರ ಅಕ್ಟೋಬರಿನಲ್ಲಿ ಅದೇ ಜಾತಿಯ ಕಥೆಯನ್ನು ರಾಮನಗರಕ್ಕೆ ತಂದರು. ಕಲಾನಿರ್ದೇಶಕ ರಾಮ್ ಯೇಡೇಕರ್ ಬೆಟ್ಟದ ತಪ್ಪಲಲ್ಲಿ ರಾಮಗಢವೆಂಬ ಹಳ್ಳಿಯನ್ನೇ ಕಟ್ಟಿಸಿದರು. ಚಿತ್ರ ತೆರೆಕಂಡದ್ದು 1975ರ ಆಗಸ್ಟ್ 15ರಂದು.

ಇದರ ತಪ್ಪುಗಳನ್ನು ಎಣಿಸುವುದು ಪ್ರೇಕ್ಷಕರಿಗೆ ಒಂದು ವಿನೋದವೇ ಆಗಿದೆ. ನಾನಿರುವ ಮಾರತ್ತಹಳ್ಳಿಯ ತರುಣರೂ ಇದರಲ್ಲಿ ನಿಷ್ಣಾತರು. ಸೊಸೆ ಸಂಜೆಯಾದರೆ ಎಣ್ಣೆಯ ದೀಪಗಳನ್ನು ಹಿಡಿದು ಓಡಾಡುವ, ವಿದ್ಯುತ್ತೇ ಇಲ್ಲದ ಹಳ್ಳಿಯಲ್ಲಿ, ವೀರು ಹತ್ತಿ ಕೂಗಾಡುವ ಆ ಎತ್ತರದ ತೊಟ್ಟಿಗೆ ನೀರು ಏರುವುದು ಹೇಗೆ? ಬೇಸಗೆ ಬಂದರೆ ಟ್ಯಾಂಕರಿನ ಹಾದಿ ಕಾಯುವ ನಮ್ಮವರಿಗೆ ಈ ಪ್ರಶ್ನೆ ಸಹಜವೇ. ಕೈಗಳನ್ನು ಕಳೆದುಕೊಂಡ ಠಾಕೂರನ ಅಂಗಿಯೊಳಗೆ, ಕೊನೆಯ ಹೊಡೆದಾಟದಲ್ಲಿ, ನಟ ಸಂಜೀವ್ ಕುಮಾರರ ಕೈಗಳು ಸುಳಿಯುತ್ತವೆಂದು ತೋರಿಸುವವರೂ ಇದ್ದಾರೆ. ರೈಲುದರೋಡೆಯ ನೆಲವಂತೂ ಮುಂಬಯಿ ಕಡೆಯ ಪನವೇಲಿನದು. ಡಕಾಯಿತರ ಬಂಡೆಗಳು ನಮ್ಮ ಕ್ಲೋಸ್‌ಪೇಟೆಯ ಕಣಶಿಲೆ. ನೂರಾರು ಮೈಲಿ ದೂರದ ಎರಡು ನೆಲಗಳು ಕತ್ತರಿಯ ಒಂದು ಏಟಿಗೆ ನೆರೆಹೊರೆಯಾಗಿಬಿಟ್ಟಿವೆ.

ಇವನ್ನು ಅಲಕ್ಷ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸಿನಿಮಾದ ಕಥೆ ಓದುವ ಕ್ರಮದಲ್ಲಿ ಹುಟ್ಟುವುದಿಲ್ಲ; ಎಂದೋ ತೆಗೆದ ತುಣುಕಿಗೆ ಇನ್ನೆಂದೋ ತೆಗೆದುದನ್ನು ಹೊಲಿಯಬೇಕು. ಎರಡರಲ್ಲಿಯೂ ಬಿಸಿಲು ಒಂದೇ ಆಗಿರಬೇಕು, ನೆರಳು ಒಂದೇ ಕಡೆ ಬೀಳಬೇಕು. ರಾಧೆ ದೀಪಗಳನ್ನು ಆರಿಸುತ್ತಾ ಹೋಗುವ ದೃಶ್ಯಕ್ಕೆ ಬೇಕಾಗಿದ್ದ ಮುಸ್ಸಂಜೆಯ ಬೆಳಕು ದಿನಕ್ಕೆ ಕೆಲವೇ ನಿಮಿಷಗಳದು. ಛಾಯಾಗ್ರಾಹಕ ದ್ವಾರಕಾ ದಿವೇಚಾ ಅದಕ್ಕಾಗಿ ಸುಮಾರು 20 ದಿನ ದುಡಿದರು. ಠಾಕೂರನ ಸಂಸಾರ ಹತವಾಗುವ ಸನ್ನಿವೇಶಕ್ಕೆ 23 ದಿನ ಹಿಡಿಯಿತು. ಇಷ್ಟು ಶ್ರಮಿಸಿದವರ ಹೊಲಿಗೆಯಲ್ಲಿ ಎಲ್ಲೋ ಒಂದು ನೂಲು ಬಿಟ್ಟಿದ್ದರೆ, ಅದು ಮನುಷ್ಯರ ಕೈಕೆಲಸವೆಂಬುದಕ್ಕೆ ಗುರುತು, ಅಷ್ಟೆ.

ಆದರೆ ನಗುವವರು ಸಾಮಾನ್ಯವಾಗಿ ಎಣಿಸದ ಬಿರುಕು ಒಂದುಂಟು. ಕೊನೆಯಲ್ಲಿ ಠಾಕೂರನು ಗಬ್ಬರನನ್ನು ಮೊಳೆ ಬಡಿದ ಪಾದರಕ್ಷೆಗಳಿಂದ ತುಳಿಯುತ್ತಿರುವಾಗ ಪೊಲೀಸರು ಒಮ್ಮೆಗೇ ಪ್ರತ್ಯಕ್ಷರಾಗುತ್ತಾರೆ. ಇಡೀ ಕಥೆಯಲ್ಲಿ ರಾಮಗಢವನ್ನು ಕಾಯಲು ಬಾರದಿದ್ದವರು ಆ ಗಳಿಗೆಗೆ ಬಂದದ್ದೆಲ್ಲಿಂದ? ಇದಕ್ಕೆ ಉತ್ತರ ಕಥೆಯೊಳಗಿಲ್ಲ, ಇತಿಹಾಸದಲ್ಲಿದೆ. ಮೊದಲು ಚಿತ್ರಿಸಿದ ಮುಕ್ತಾಯದಲ್ಲಿ ಗಬ್ಬರ್ ಠಾಕೂರನ ಕಾಲ ಕೆಳಗೇ ಸಾಯುತ್ತಾನೆ. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾಗಿತ್ತು. ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬ ಕಾನೂನನ್ನು ತಾನೇ ಕೈಗೆತ್ತಿಕೊಳ್ಳುವುದಕ್ಕೆ ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಮುಕ್ತಾಯವನ್ನು ಹೊಸದಾಗಿ ಚಿತ್ರಿಸಿ, ಅಪರಾಧಿಯನ್ನು ಕಾನೂನಿಗೆ ಒಪ್ಪಿಸಬೇಕಾಯಿತು.

ಮೂಲದ ಮುಕ್ತಾಯ ಮುಂದೆ ವಿಡಿಯೊ ಪ್ರತಿಗಳಲ್ಲಿ ಕೆಲವರ ಕಣ್ಣಿಗೆ ಬಿದ್ದಿತ್ತು. ಜೀರ್ಣೋದ್ಧಾರಗೊಂಡ ಚಿತ್ರದಲ್ಲಿ ಅದು ಸ್ವಸ್ಥಾನಕ್ಕೆ ಮರಳಿ, ಇಟಲಿಯ ಬೊಲೋನ್ಯದಲ್ಲಿ ತೆರೆಯ ಮೇಲೆ ಬಂದದ್ದು 2025ರಲ್ಲಿ, ಐವತ್ತು ವರ್ಷಗಳ ಮೇಲೆ. ಸೇಡು ತೀರಿಸಿಕೊಳ್ಳುವುದು ನ್ಯಾಯವೇ ಎಂದು ಕೇಳುವವರು ಕೇಳಬಹುದು. ಸೆನ್ಸಾರ್ ಮಂಡಳಿಯ ಆಕ್ಷೇಪವೂ ಅರ್ಥವಿಲ್ಲದ್ದೇನಲ್ಲ. ಆದರೆ ಆ ಪ್ರಶ್ನೆಯನ್ನು ಎತ್ತಬೇಕಾದವರು ಪ್ರೇಕ್ಷಕರು. ತೀರ್ಪನ್ನು ಮೊದಲೇ ಬರೆದುಕೊಟ್ಟದ್ದರಿಂದ ಆ ಅವಕಾಶ ಅವರಿಗೆ ತಪ್ಪಿತು.

ಕುಶಲಕರ್ಮಿಯ ಕೈ ಜಾರಿದ ತಪ್ಪು ಬೇರೆ, ಅಧಿಕಾರವು ಕೈಹಿಡಿದು ಬರೆಸಿದ ತಿದ್ದುಪಡಿ ಬೇರೆ. ಮೊದಲನೆಯದು ಕೂಡಲೇ ಕಾಣಿಸಿ ನಗೆ ತರಿಸುತ್ತದೆ. ಎರಡನೆಯದು ಒಪ್ಪವಾದ ಮುಕ್ತಾಯದ ವೇಷದಲ್ಲಿ ಬರುವುದರಿಂದ ನಾವು ಚಪ್ಪಾಳೆ ತಟ್ಟಿ ಎದ್ದುಬಿಡುತ್ತೇವೆ. ಠಾಕೂರನ ಅಂಗಿಯೊಳಗಿನ ಕೈಯನ್ನು ಕಂಡುಹಿಡಿಯಬಲ್ಲ ಕಣ್ಣು, ಆ ಇನ್ನೊಂದು ಕೈಯನ್ನೂ ಗುರುತಿಸುವಷ್ಟು ಚುರುಕಾಗಬೇಕು.