ಫುಟ್‌ಬಾಲ್‌ನಲ್ಲಿ ಕಡ್ಡಾಯ ಪತ್ರಿಕಾಗೋಷ್ಠಿ: ಏನು, ಏಕೆ, ಯಾರಿಗಾಗಿ?

ಚಿತ್ರದುರ್ಗ: ಸೋತ ತಂಡದ ತರಬೇತುದಾರ ಪಂದ್ಯ ಮುಗಿದ ಕೆಲವೇ ನಿಮಿಷಗಳಲ್ಲಿ ಮೈಕುಗಳ ಮುಂದೆ ಕುಳಿತು ಒಲ್ಲದ ಮನಸ್ಸಿನಿಂದ ಉತ್ತರಿಸುವ ದೃಶ್ಯ ಕ್ರೀಡಾ ವಾಹಿನಿಗಳ ವೀಕ್ಷಕರಿಗೆ ಹೊಸದೇನಲ್ಲ. ಆತನನ್ನು ಅಲ್ಲಿಗೆ ಕರೆತರುವುದು ಸ್ವಂತ ಇಚ್ಛೆಯಲ್ಲ, ಪಂದ್ಯಾವಳಿಯ ನಿಯಮ. ಈ ನಿಯಮದ ಸ್ವರೂಪ, ಪ್ರಯೋಜನ ಹಾಗೂ ಮಿತಿಗಳ ಕಿರು ಪರಿಚಯ ಇಲ್ಲಿದೆ.

ನಿಯಮದ ಸ್ವರೂಪ

ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಿ ಪಂದ್ಯದ ಹಿಂದಿನ ದಿನ ಮುಖ್ಯ ತರಬೇತುದಾರ ಹಾಗೂ ಕನಿಷ್ಠ ಒಬ್ಬ ಆಟಗಾರ ಪತ್ರಿಕಾಗೋಷ್ಠಿಗೆ ಹಾಜರಾಗಬೇಕು. ಪಂದ್ಯದ ನಂತರ ತರಬೇತುದಾರ ಮತ್ತೆ ಸುದ್ದಿಗಾರರನ್ನು ಎದುರಿಸಬೇಕು. ಪ್ರಸಾರದ ಹಕ್ಕು ಪಡೆದ ವಾಹಿನಿಗಳಿಗೆ ಮೈದಾನದ ಅಂಚಿನಲ್ಲಿಯೇ ಪ್ರತ್ಯೇಕ ಸಂದರ್ಶನ ನೀಡಬೇಕು. ಆಟಗಾರರು ಬಸ್ಸಿನತ್ತ ಸಾಗುವಾಗ ಸುದ್ದಿಗಾರರು ನಿಂತಿರುವ 'ಮಿಕ್ಸ್ಡ್ ಝೋನ್' ಎಂಬ ಓಣಿಯನ್ನು ಹಾದುಹೋಗಬೇಕು. ವಿಶ್ವಕಪ್‌ನಲ್ಲಿಯೂ ಇದೇ ಬಗೆಯ ವ್ಯವಸ್ಥೆಯಿದೆ.

ಇದರ ಮೂಲದಲ್ಲಿ ವ್ಯಾಪಾರವಿದೆ ಎಂಬುದನ್ನು ಮರೆಮಾಚಬೇಕಿಲ್ಲ. ವಾಹಿನಿಗಳು ಭಾರಿ ಹಣ ತೆತ್ತು ಪ್ರಸಾರದ ಹಕ್ಕು ಕೊಳ್ಳುತ್ತವೆ. ಸಂದರ್ಶನವೂ ಆ ಸರಕಿನ ಒಂದು ಭಾಗ. ಆದರೆ ವ್ಯಾಪಾರಕ್ಕಾಗಿ ಹುಟ್ಟಿದ ಈ ಏರ್ಪಾಡು ಪ್ರೇಕ್ಷಕನಿಗೆ ಒಂದು ಹಕ್ಕನ್ನೂ ತಂದುಕೊಟ್ಟಿದೆ. ಅದೇ ಪ್ರಶ್ನೆ ಕೇಳುವ ಹಕ್ಕು.

ದಂಡ ಮತ್ತು ಬಹಿಷ್ಕಾರ

ನಿಯಮ ಮುರಿದವರು ದೊಡ್ಡವರಾದರೂ ದಂಡ ತಪ್ಪದು. 2022ರ ಕತಾರ್ ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧದ ಪಂದ್ಯದ ಮುನ್ನಾದಿನ ಜರ್ಮನಿಯ ತರಬೇತುದಾರ ಹಾನ್ಸಿ ಫ್ಲಿಕ್ ಒಬ್ಬರೇ ಪತ್ರಿಕಾಗೋಷ್ಠಿಗೆ ಬಂದರು. ಮಾಧ್ಯಮ ಕೇಂದ್ರ ತಂಡದ ಶಿಬಿರದಿಂದ ದೂರವಿದ್ದು, ಪಂದ್ಯಕ್ಕೆ ಸಿದ್ಧನಾಗುತ್ತಿರುವ ಆಟಗಾರನನ್ನು ಅಷ್ಟು ದೂರ ಕರೆತರುವುದು ಸರಿಯಲ್ಲವೆಂಬುದು ಅವರ ವಾದವಾಗಿತ್ತು. ಫಿಫಾ ಇದನ್ನು ಒಪ್ಪದೆ ಜರ್ಮನಿಯ ಒಕ್ಕೂಟಕ್ಕೆ 10,000 ಸ್ವಿಸ್ ಫ್ರಾಂಕ್ ದಂಡ ವಿಧಿಸಿತು.

ಮ್ಯಾಂಚೆಸ್ಟರ್ ಯುನೈಟೆಡ್‌ನ ತರಬೇತುದಾರರಾಗಿದ್ದ ಅಲೆಕ್ಸ್ ಫರ್ಗ್ಯುಸನ್ ಅವರದು ಇನ್ನೊಂದು ಬಗೆ. ತಮ್ಮ ಪುತ್ರನ ಕುರಿತು 2004ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಕಾರ್ಯಕ್ರಮದಿಂದ ಕೆರಳಿದ ಅವರು 2011ರ ಆಗಸ್ಟ್‌ವರೆಗೆ ಆ ಸಂಸ್ಥೆಯೊಂದಿಗೆ ಮಾತನಾಡಲಿಲ್ಲ. ಇದರಿಂದ ನಷ್ಟವಾದದ್ದು ಬಿಬಿಸಿಗಿಂತ ಹೆಚ್ಚಾಗಿ, ಅದನ್ನೇ ನೆಚ್ಚಿಕೊಂಡಿದ್ದ ಸಾಮಾನ್ಯ ವೀಕ್ಷಕನಿಗೆ.

ಕಂಠೀರವದ ನಿದರ್ಶನ

ಮಾತಿನ ಬೆಲೆ ಅರಿಯಲು ದೂರ ಹೋಗಬೇಕಿಲ್ಲ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಇಂಡಿಯನ್ ಸೂಪರ್ ಲೀಗ್‌ನ ಪ್ಲೇಆಫ್ ಪಂದ್ಯ ನಡೆಯಿತು. ಹೆಚ್ಚುವರಿ ಅವಧಿಯಲ್ಲಿ ದೊರೆತ ಫ್ರೀಕಿಕ್ ಅನ್ನು ಸುನಿಲ್ ಛೆಟ್ರಿ, ಎದುರಾಳಿಗಳು ತಡೆಗೋಡೆ ಕಟ್ಟುವ ಮೊದಲೇ ಒದ್ದು ಗೋಲು ಗಳಿಸಿದರು. ಇದನ್ನು ಪ್ರತಿಭಟಿಸಿ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನು ಮೈದಾನದಿಂದ ಹೊರಗೆ ಕರೆದೊಯ್ದರು. ಬೆಂಗಳೂರು 1-0ರಿಂದ ಗೆದ್ದಿತೆಂದು ಘೋಷಿಸಲಾಯಿತು.

ತಮಗೆ ಸೀಟಿಯಾಗಲಿ ತಡೆಗೋಡೆಯಾಗಲಿ ಬೇಕಿಲ್ಲವೆಂದು ರೆಫರಿಗೆ ಮೊದಲೇ ತಿಳಿಸಿದ್ದಾಗಿ ಛೆಟ್ರಿ ಪಂದ್ಯದ ಬಳಿಕ ವಿವರಿಸಿದರು. ಆ ವಿವರಣೆಯನ್ನು ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು. ಆದರೆ ಅದಿಲ್ಲದಿದ್ದರೆ ಆ ಗೋಲು ನಿಯಮದ ಚೌಕಟ್ಟಿನಲ್ಲಿತ್ತೇ ಎಂಬ ಚರ್ಚೆಗೆ ಆಧಾರವೇ ಇರುತ್ತಿರಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಶಿಸ್ತು ಸಮಿತಿ ಕೇರಳ ತಂಡಕ್ಕೆ 4 ಕೋಟಿ ರೂ. ದಂಡ ಹಾಗೂ ತರಬೇತುದಾರರಿಗೆ 10 ಪಂದ್ಯಗಳ ನಿಷೇಧ ವಿಧಿಸಿತು.

ನಿಯಮದ ಲೋಪ

ಈ ನಿಯಮದ ದೊಡ್ಡ ಕೊರತೆ 2025ರಲ್ಲಿ ಬಯಲಾಯಿತು. ಒಕ್ಕೂಟದೊಂದಿಗಿನ ಒಪ್ಪಂದದ ನವೀಕರಣ ಇತ್ಯರ್ಥವಾಗದ ಕಾರಣ ಲೀಗ್‌ನ ಸಂಘಟಕರು ಜುಲೈನಲ್ಲಿ ಹೊಸ ಋತುವನ್ನು ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸಿರುವುದಾಗಿ ಪ್ರಕಟಣೆ ಹೊರಡಿಸಿತು. ನೂರಾರು ಕುಟುಂಬಗಳ ಅನ್ನದ ಪ್ರಶ್ನೆ ಎದುರಾಗಿದ್ದ ಆ ದಿನಗಳಲ್ಲಿ ಪಂದ್ಯಗಳಿರಲಿಲ್ಲ. ಪಂದ್ಯವಿಲ್ಲದ ಮೇಲೆ ಕಡ್ಡಾಯ ಪತ್ರಿಕಾಗೋಷ್ಠಿಯೂ ಇಲ್ಲ. ಪ್ರಕಟಣೆಗೆ ಮರುಪ್ರಶ್ನೆ ಹಾಕಲಾಗದು. ಒಂದು ಗೋಲಿಗೆ ಉತ್ತರ ಕೊಡಬೇಕಾದವನು ಆಟಗಾರ, ಒಂದು ಋತುವಿಗೆ ಉತ್ತರ ಕೊಡಬೇಕಾದ ಆಡಳಿತಗಾರನಿಗೆ ಮಾತ್ರ ಅಂಥ ಕಟ್ಟುಪಾಡಿಲ್ಲ ಎಂಬುದು ವಿಪರ್ಯಾಸ.

ಆಕ್ಷೇಪಗಳು

ಕಡ್ಡಾಯದ ಮಾತಿನಲ್ಲಿ ಹುರುಳಿರದು, 'ಒಂದೊಂದು ಪಂದ್ಯವೂ ಮುಖ್ಯ' ಎಂಬ ಸವಕಲು ಉತ್ತರಗಳೇ ಹೆಚ್ಚು ಎಂಬ ಟೀಕೆಯಲ್ಲಿ ಸತ್ಯಾಂಶವಿದೆ. ಮಾನಸಿಕ ಆರೋಗ್ಯದ ಪ್ರಶ್ನೆ ಇನ್ನೂ ಗಂಭೀರವಾದುದು. ಟೆನಿಸ್ ಆಟಗಾರ್ತಿ ನವೊಮಿ ಒಸಾಕಾ 2021ರ ಫ್ರೆಂಚ್ ಓಪನ್‌ನಲ್ಲಿ ಪತ್ರಿಕಾಗೋಷ್ಠಿಗೆ ಬರಲು ನಿರಾಕರಿಸಿ 15,000 ಡಾಲರ್ ದಂಡಕ್ಕೆ ಗುರಿಯಾದರು. ಬಳಿಕ ಪಂದ್ಯಾವಳಿಯಿಂದಲೇ ಹಿಂದೆ ಸರಿದರು. ಫುಟ್‌ಬಾಲ್ ತಂಡದ ಆಟವಾದ್ದರಿಂದ ಇಲ್ಲಿ ಪರಿಹಾರ ಸುಲಭ. ಮನಸ್ಸು ಕುಗ್ಗಿದವನ ಬದಲು ಸಹ ಆಟಗಾರನನ್ನು ಕಳುಹಿಸಬಹುದು, ಗೋಷ್ಠಿಯ ಅವಧಿಗೆ ಮಿತಿ ಹಾಕಬಹುದು, ಖಾಸಗಿ ಪ್ರಶ್ನೆಗಳಿಗೆ ಉತ್ತರಿಸದಿರುವ ಸ್ವಾತಂತ್ರ್ಯ ನೀಡಬಹುದು. ಹಾಜರಾತಿ ಕಡ್ಡಾಯವಾಗಲಿ, ಉತ್ತರ ಕಡ್ಡಾಯವಾಗಬೇಕಿಲ್ಲ.

ನಮ್ಮ ಜಿಲ್ಲೆಗೆ ಸಂಬಂಧವೇನು?

ಚಿತ್ರದುರ್ಗದಿಂದ ಕಂಠೀರವ ಕ್ರೀಡಾಂಗಣ ಸುಮಾರು 200 ಕಿ.ಮೀ. ದೂರ. ಹಿರಿಯೂರು, ಹೊಸದುರ್ಗ ಅಥವಾ ಹೊಳಲ್ಕೆರೆಯ ಅಭಿಮಾನಿ ತರಬೇತುದಾರನನ್ನು ಮುಖಾಮುಖಿ ಕೇಳಲಾರ. ಅವನ ಪರವಾಗಿ ಕೇಳುವವನು ವರದಿಗಾರ. ಈ ಗೋಷ್ಠಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ನಡೆಯುವುದರಿಂದ ಕನ್ನಡದ ಪ್ರಶ್ನೆಗೆ ಅಲ್ಲಿ ಎಡೆ ಕಡಿಮೆ. ಕಂಠೀರವದ ವಿವಾದದ ಮರುದಿನವೇ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಮಣಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಆ ವಿಜೇತರ ಹೆಸರುಗಳು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿವೆ?

ತಾಲ್ಲೂಕು ಮಟ್ಟದ ಕ್ರೀಡಾಕೂಟದ ವರದಿಗಳಲ್ಲಿಯೂ ಉದ್ಘಾಟಕರ ಭಾಷಣ, ಅತಿಥಿಗಳ ಪಟ್ಟಿ ಹಾಗೂ ಬಹುಮಾನದ ವಿವರ ಇರುತ್ತದೆ. ಗೆದ್ದ ತಂಡದ ನಾಯಕನ ಒಂದು ಮಾತೂ ಇರುವುದಿಲ್ಲ. ಪಂದ್ಯ ಮುಗಿದ ಮೇಲೆ ಎರಡೂ ತಂಡಗಳ ನಾಯಕರು ಐದು ನಿಮಿಷ ಸುದ್ದಿಗಾರರೊಂದಿಗೆ ಮಾತನಾಡಬೇಕೆಂಬ ನಿಯಮವನ್ನು ಸಂಘಟಕರು ಅಳವಡಿಸಿಕೊಂಡರೆ ಅದಕ್ಕೆ ಖರ್ಚೇನೂ ತಗುಲದು. ಆಡಿದವರ ಮಾತು ಓದುಗರನ್ನು ತಲುಪಲು ಅಷ್ಟು ಸಾಕು.